ತಪ್ಪಿಲ್ಲದ ಸಿಸ್ಟರ್

ಮೈದಾ ಗಂಜಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಹಸಿದವನಿಗೆ ಊಟದ ವಾಸನೆಯಂತೆ ಕಾಣುತ್ತದೆ, ತಿಳಿದವನು ದೂರ ಸರಿಯುತ್ತಾನೆ. ಬುಕ್ ಬೈಂಡಿಂಗ್ ಮಾಡುವವರ ಮನೆಯ ವಾಸನೆ ಅದು. ತುತ್ತದ ವಿಷ ಇದ್ದರೆ ಪುಸ್ತಕಕ್ಕೆ ಹುಳ ಬೀಳುವುದಿಲ್ಲ. ಈಗಿನವರು ಡಬ್ಬಿಯ ಗೋಂದು ತಂದು ಮೆತ್ತುತ್ತಾರೆ. ಅದಕ್ಕೆ ವಾಸನೆಯೂ ಇಲ್ಲ, ಆಯಸ್ಸೂ ಇಲ್ಲ. ನಾನು ಅಂಗಡಿ ಮುಚ್ಚಿ ಆರು ವರ್ಷವಾಯಿತು. ಇವತ್ತು ಬೆಳಿಗ್ಗೆ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಒಲೆಯ ಮೇಲೆ ಮತ್ತೆ ಆ ಗಂಜಿ ಕುದಿಯಿತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದೇನ್ರಿ ಮಾವಾ, ಗಬ್ಬು?" ಎಂದಳು.

"ನಿನಗ ಪಾಯಸ ಮಾಡಾಕತ್ತೀನಿ" ಎಂದೆ.

ಅವಳು ಇಣುಕಿಯೂ ನೋಡಲಿಲ್ಲ. ಈ ಮನೆಯಲ್ಲಿ ನನ್ನ ಮಾತು ನಂಬುವವರು ಯಾರೂ ಉಳಿದಿಲ್ಲ. ನನ್ನ ಜೀವಮಾನದ ಸಂಪಾದನೆ ಅದೇ.

ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಹೊಲಿಗೆ ಬಿಚ್ಚಿಕೊಂಡು ಮಲಗಿದೆ. ಗಂಜಿ ಆರುವ ತನಕ ಅದರ ವಿಷಯ ಹೇಳುತ್ತೇನೆ, ಕೂತುಕೊಳ್ಳಿ. ಸುಳ್ಳು ಹೇಳುವುದಿಲ್ಲ. ಈ ಪುಸ್ತಕದ ಮಟ್ಟಿಗಾದರೂ ಹೇಳುವುದಿಲ್ಲ.

ಮೊದಲು ನನ್ನ ಬಗ್ಗೆ ನಾನೇ ಹೇಳಿಕೊಳ್ಳಬೇಕು. ಬೇರೆಯವರು ಹೇಳಿದರೆ ಕಡಿಮೆ ಹೇಳಿಬಿಡುತ್ತಾರೆ. ಬಳ್ಳಾರಿಯಲ್ಲಿ ನನ್ನಂಥ ಬೈಂಡರ್ ಇರಲಿಲ್ಲ. ನಾನು ಹೊಲಿದ ಪುಸ್ತಕವನ್ನು ಎತ್ತಿನ ಗಾಡಿಯ ಕೆಳಗೆ ಹಾಕಿದರೂ ಒಂದು ಹಾಳೆ ಅಲುಗುತ್ತಿರಲಿಲ್ಲ. ಎರಡನೆಯ ವಿದ್ಯೆ, ಯಾರ ಕೈಬರಹವನ್ನಾದರೂ ಹಾಗೆಯೇ ಇಳಿಸುವುದು. ಹರಿದ ಹಾಳೆಯ ಅಕ್ಷರ ತಿದ್ದಿ ತಿದ್ದಿ ಬಂದದ್ದು. ಮೂರನೆಯದು ಚೇಷ್ಟೆ. ಅದನ್ನು ಯಾರೂ ಕಲಿಸಲಿಲ್ಲ. ನಮ್ಮ ಬೀದಿಯ ಪುರೋಹಿತರೊಬ್ಬರು ಪಂಚಾಂಗಗಳನ್ನು ಒಟ್ಟು ಸೇರಿಸಿ ಹೊಲಿಯಲು ಕೊಟ್ಟಿದ್ದರು. ನಾನು ಎರಡು ವರ್ಷದ ಶ್ರಾವಣವನ್ನು ಒಂದರ ಹಿಂದೆ ಒಂದು ಹೊಲಿದೆ. ಆ ವರ್ಷ ಇಡೀ ಊರಿಗೆ ಒಂದು ಶ್ರಾವಣ ಬಂತು, ಅವರ ಮನೆಗೆ ಎರಡು. ಅವರ ಹೆಂಡತಿ ಈಗಲೂ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಇಂಥವನ ಕೈಗೆ ಹನ್ನೊಂದು ವರ್ಷದ ಹಿಂದೆ ಈ ಪುಸ್ತಕ ಬಂತು.

ತಂದವರು ಸಿಸ್ಟರ್ ಸುಗುಣಮ್ಮ. ಕಂಟೋನ್ಮೆಂಟ್ ಕಡೆ ಬೇವಿನ ಮರಗಳ ಹಿಂದೆ ಒಂದು ಹಳೆಯ ಮನೆಯಿದೆ. ಅಲ್ಲಿ ಬೂದು ಸೀರೆ ಉಟ್ಟು, ಕೊರಳಲ್ಲಿ ಮರದ ಶಿಲುಬೆ ಹಾಕಿಕೊಂಡ ಕ್ರೈಸ್ತ ಸನ್ಯಾಸಿನಿಯರು ಇರುತ್ತಾರೆ. ಸನ್ಯಾಸಿನಿಯರೆಂದರೆ ರೋಮಿನ ಕಡೆಯವರೇ ಇರಬೇಕು ಎಂದು ನಾನು ತಿಳಿದಿದ್ದೆ. "ಅಲ್ರಿ ಅಣ್ಣಾ, ನಾವು ಆಂಗ್ಲಿಕನ್ನರು, ಇಂಗ್ಲೆಂಡಿನ ಸಭಿ ಕಡಿಯವ್ರು. ನಮ್ಮಾಗೂ ಸಿಸ್ಟರ್‌ಗೋಳು ಅದಾರ, ಭಾಳ ಮಂದಿಗೆ ಗೊತ್ತಿಲ್ಲ" ಎಂದರು ಅವರು. ಬಳ್ಳಾರಿ ಮದ್ರಾಸಿನ ಕೈಕೆಳಗಿದ್ದ ಕಾಲದಲ್ಲಿ ಹಡಗಿಳಿದು ಬಂದ ಇಬ್ಬರು ಹೆಂಗಸರು ಆ ಮನೆ ಕಟ್ಟಿದರಂತೆ. ಆಮೇಲೆ ನಮ್ಮ ರೂಪನಗುಡಿ, ರಾರಾವಿ ಕಡೆಯ ಹೆಣ್ಣುಮಕ್ಕಳೇ ಬಂದು ಸೇರಿಕೊಂಡರು. ನಾನು ನೋಡುವಾಗ ಉಳಿದಿದ್ದವರು ನಾಲ್ಕೇ ಜನ. ಸುಗುಣಮ್ಮ ಹಿರಿಯರು. ಅವರ ನಂತರದವರು ಸಿಸ್ಟರ್ ಹನ್ನಾ, ಕಡ್ಡಿ ಮುರಿದ ಹಾಗೆ ಮಾತಾಡುವವರು. ಇನ್ನಿಬ್ಬರಿಗೆ ತೋಟ ಮತ್ತು ಅಡುಗೆ.

ಪುಸ್ತಕದಲ್ಲಿ ಏನಿತ್ತು ಗೊತ್ತೇ? ಆ ಮನೆಯಲ್ಲಿ ಬದುಕಿ ತೀರಿಕೊಂಡ ಸಿಸ್ಟರುಗಳ ಬಾಳು. ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಸತ್ತ ತಾರೀಖಿನ ಪ್ರಕಾರ, ಜನವರಿಯಿಂದ ಡಿಸೆಂಬರ್‌ವರೆಗೆ. ಆ ತಾರೀಖು ಬಂದ ದಿನ ಮಧ್ಯಾಹ್ನ ಎಲ್ಲರೂ ಮಾತಿಲ್ಲದೆ ಉಣ್ಣುವಾಗ ಒಬ್ಬರು ನಿಂತು ಆ ಹಾಳೆಯನ್ನು ಓದುತ್ತಾರೆ. ಓದು ಮುಗಿದ ಮೇಲೆ ಎಲ್ಲರೂ ಎದ್ದು ಆಕೆಯ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಾರೆ. ವರ್ಷಕ್ಕೊಮ್ಮೆ, ಬಿಡದೆ. ಎಷ್ಟೋ ವರ್ಷ ಹಿಂದೆ ಮಣ್ಣಾದವರಿಗೂ ಸರದಿ ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿದ್ದ ಹಳೆಯ ಹಾಳೆಗಳನ್ನೆಲ್ಲ ಯಾರೋ ಸಿಸ್ಟರ್ ಮುತ್ತು ಪೋಣಿಸಿದ ಹಾಗೆ ಕನ್ನಡದಲ್ಲಿ ಬರೆದಿಟ್ಟಿದ್ದರು.

ನಾನು ಬಿಚ್ಚಿ ಹೊಲಿಯುತ್ತ ಓದಿದೆ. ಓದಬಾರದು ಎನ್ನುವ ನಿಯಮ ಬೈಂಡರಿಗೆ ಇಲ್ಲ. ರಾರಾವಿಯ ಒಬ್ಬ ಸಿಸ್ಟರ್ ಮೂವತ್ತು ವರ್ಷ ಹೊಳೆಯಾಚೆಯ ಹಳ್ಳಿಗಳಿಗೆ ಹರಿಗೋಲಿನಲ್ಲಿ ಹೋಗಿ ಹೆರಿಗೆ ಮಾಡಿಸಿದರಂತೆ, ಈಜು ಬಾರದೆ, ಪ್ರತಿ ಸಲವೂ ನಡುಗುತ್ತ. ಇನ್ನೊಬ್ಬರು ಹಡಗಿನಲ್ಲಿ ಬಂದವರು. ರೋಗಿಗಳ ಜೊತೆ ಜಗಳವಾಡಬೇಕೆಂದೇ ಕನ್ನಡವನ್ನೂ ತೆಲುಗನ್ನೂ ಕಲಿತರಂತೆ. ಮತ್ತೊಬ್ಬರು ಐವತ್ತು ವರ್ಷ ಬಟ್ಟೆ ಒಗೆದದ್ದು ಬಿಟ್ಟರೆ ಏನೂ ಮಾಡಿರಲಿಲ್ಲ. ಅವರಿಗೂ ಅಷ್ಟೇ ದೊಡ್ಡ ಹಾಳೆ. ನನಗೆ ಅಲ್ಲೇ ಮೈ ಜುಮ್ಮೆಂದಿತ್ತು. ನಮ್ಮಲ್ಲಿ ಬಟ್ಟೆ ಒಗೆದವಳ ಬಾಳನ್ನು ಯಾರು ಬರೆದಿಟ್ಟಿದ್ದಾರೆ?

ಜುಮ್ಮೆಂದಿತು ಎಂದೆನಲ್ಲ, ಅದು ಅರ್ಧ ಗಳಿಗೆ ಮಾತ್ರ. ಉಳಿದರ್ಧ ಗಳಿಗೆಯಲ್ಲಿ ಚೇಷ್ಟೆ ತಲೆ ಎತ್ತಿತು. ಜೂನ್ ತಿಂಗಳ ಶುರುವಿನಲ್ಲಿ ಯಾರೂ ಇರಲಿಲ್ಲ. ಜೂನ್ ಒಂದು ನನ್ನ ಹುಟ್ಟಿದ ದಿನ. ಅಂದರೆ ಸಾಲಿ ಮಾಸ್ತರರು ಬರೆದುಕೊಂಡ ಹುಟ್ಟಿದ ದಿನ; ನಮ್ಮ ವಯಸ್ಸಿನ ಅರ್ಧ ಜನ ಹುಟ್ಟಿದ್ದು ಅವತ್ತೇ. ಅಂಥ ದಿನ ಖಾಲಿ ಇರಬಾರದೆಂದು, ಹಳೆಯ ಕಾಗದದ ಒಂದು ಹಾಳೆ ಹುಡುಕಿ, ಅದೇ ಮುತ್ತಿನಂಥ ಅಕ್ಷರದಲ್ಲಿ ಇಲ್ಲದ ಸಿಸ್ಟರ್ ಒಬ್ಬರನ್ನು ಹುಟ್ಟಿಸಿ, ಅಲ್ಲೇ ಸಾಯಿಸಿದೆ. ಹೆಸರು ಸಿಸ್ಟರ್ ಎಸ್ತೇರಮ್ಮ, ಊರು ಕುರುಗೋಡು.

ಬಾಳು ಎಲ್ಲಿಂದ ತರುವುದು? ಕೈಗೆ ಹತ್ತಿರ ಸಿಕ್ಕವಳು ನನ್ನ ಅಕ್ಕ ನೀಲಮ್ಮ. ಕುರುಗೋಡಿನ ದೊಡ್ಡ ಬಸವಣ್ಣನ ಗುಡಿಯ ಹಿಂದಿನ ಓಣಿಯಲ್ಲಿ ನಾವು ಹುಟ್ಟಿದ್ದು. ಅವ್ವ ಬೇಗ ಹೋದಳು. ಅಕ್ಕನೇ ನನ್ನನ್ನು ಸಾಕಿದಳು, ಆಮೇಲೆ ಸಿರುಗುಪ್ಪಕ್ಕೆ ಮದುವೆಯಾಗಿ ಹೋದಳು. ಮಕ್ಕಳಾಗಲಿಲ್ಲ. ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು. ಅವಳ ಹೆಸರು ಹೇಳುವವರು ನಾನು ಮತ್ತು ಭಾವ, ಇಬ್ಬರೇ. ನಾವಿಬ್ಬರೂ ಹೇಳುತ್ತಿರಲಿಲ್ಲ. ಇದನ್ನೆಲ್ಲ ಆಗ ಯೋಚಿಸಿದೆ ಎಂದುಕೊಳ್ಳಬೇಡಿ. ಬರೆಯಲು ಸಾಮಾನು ಬೇಕಿತ್ತು, ಬಳಸಿದೆ. ಒಂದು ಹೋಳಿಗೆಯನ್ನು ಆರು ಜನಕ್ಕೆ ಹಂಚಿ ಕೈ ನೆಕ್ಕಿಕೊಳ್ಳುತ್ತಿದ್ದದ್ದು, ಕೂಸುಗಳ ಕುರುವಿಗೆ ಬೇವು ಅರೆದು ಹಚ್ಚುತ್ತಿದ್ದದ್ದು, ಬಳ್ಳಾರಿಯ ಬಿಸಿಲಲ್ಲಿ ನಡೆಯುವಾಗ ತನ್ನ ನೆರಳು ಪಕ್ಕದ ಚಿಕ್ಕವರ ಮೇಲೆ ಬೀಳುವಂತೆ ಬದಿ ಬದಲಿಸಿ ನಡೆಯುತ್ತಿದ್ದದ್ದು. ಪಕ್ಕದ ಚಿಕ್ಕವನು ನಾನು. ಹಾಳೆಯಲ್ಲಿ "ರೋಗಿಗಳು" ಎಂದು ಬರೆದೆ.

ಜೂನ್ ಒಂದಕ್ಕೆ ಸರಿಯಾಗಿ ಊಟದ ಹೊತ್ತಿಗೆ ಅವರ ಮನೆಗೆ ಹೋದೆ. "ಬಿಸಿಲಿಗೆ ಹೊಸ ಬೈಂಡಿಂಗ್ ಬಿಚ್ಚತೈತ್ರಿ, ನೋಡಿ ಹೋಗಾಕ ಬಂದೆ" ಎಂದೆ. ಸುಗುಣಮ್ಮ ಉಣ್ಣಲು ಕೂರಿಸಿದರು. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಮಾತಿಲ್ಲ. ಉಪ್ಪು ಬೇಕಾದರೆ ಬೆರಳಿನಿಂದ ಮೇಜು ತಟ್ಟಬೇಕು. ನಾನು ಮೂರು ಸಲ ತಟ್ಟಿ, ಉಪ್ಪಿನ ಜೊತೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡೆ.

ಸಿಸ್ಟರ್ ಹನ್ನಾ ಎದ್ದು, ದಿನದ ರೂಢಿಯಂತೆ ಪುಸ್ತಕ ತೆರೆದರು. ಹಾಳೆ ಕಂಡು ಒಂದು ಕ್ಷಣ ನಿಂತರು. ಆದರೆ ಅವತ್ತಿನ ತಾರೀಖಿಗೆ ಏನಿದೆಯೋ ಅದನ್ನು ಓದಲೇಬೇಕು, ಮಧ್ಯೆ ಮಾತಾಡುವ ಹಾಗಿಲ್ಲ. ಓದಿದರು. ನಾನು ತಲೆ ತಗ್ಗಿಸಿ ನಗು ಹಿಡಿದುಕೊಂಡು ಕೂತಿದ್ದೆ. ಹೋಳಿಗೆ ಬಂತು, ಬೇವು ಬಂತು. ನೆರಳಿನ ಸಾಲು ಬಂದಾಗ ನನಗೆ ಏನಾಯಿತೋ ತಿಳಿಯದು, ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟೆ. ಅಷ್ಟರಲ್ಲಿ ಉಳಿದ ಮೂವರೂ ಎದ್ದು ನಿಂತರು. ನಾಲ್ಕು ಮುದುಕಿಯರು ಕಣ್ಣು ಮುಚ್ಚಿ, ಕೈ ಮುಗಿದು, ನನ್ನ ಅಕ್ಕನ ಬಾಳಿಗಾಗಿ ದೇವರಿಗೆ ವಂದನೆ ಹೇಳಿದರು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಅವರ ದೇವರ ಲೆಕ್ಕಾಚಾರ ನನಗೆ ಗೊತ್ತಿಲ್ಲ. ಆದರೆ ಆ ಮೌನದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವುದು ಮಾತ್ರ, ಪಕ್ಕದ ಕೋಣೆಯಲ್ಲಿ ಒಲೆ ಉರಿಯುತ್ತಿದ್ದರೆ ಈ ಕಡೆಯ ಗೋಡೆಗೆ ತಿಳಿಯುವ ಹಾಗೆ ತಿಳಿಯಿತು.

ಊಟ ಮುಗಿದ ಮೇಲೆ ಸುಗುಣಮ್ಮ ನನ್ನನ್ನು ಬೇವಿನ ಮರದ ಕಟ್ಟೆಗೆ ಕರೆದರು. ಹನ್ನಾ ಹಿಂದೆಯೇ ಬಂದರು.

"ಯಾರ್ರಿ ಅಣ್ಣಾ ಈ ಎಸ್ತೇರಮ್ಮ?"

"ನಿಮ್ಮ ಪುಸ್ತಕದಾಗ ಇರೋರನ್ನ ನನ್ನ ಕೇಳಿದ್ರ ಹೆಂಗ್ರಿ ಅಮ್ಮಾರ?"

"ಈ ಪುಸ್ತಕದಾಗ ತಪ್ಪಿಲ್ಲದಾಕಿ ಒಬ್ಬಾಕೀನೂ ಇಲ್ರಿ" ಎಂದರು ಹನ್ನಾ. "ಇಕಿ ಒಬ್ಬಾಕಿಗೇ ಇಲ್ಲ. ಅಲ್ಲೇ ಸಿಕ್ಕಬಿದ್ದ್ರಿ ನೀವು."

ನನ್ನಂಥ ಜಾಣ ಅದನ್ನು ಹೇಗೆ ಗಮನಿಸಲಿಲ್ಲವೋ. ಪ್ರತಿ ಹಾಳೆಯ ಕೊನೆಯ ಸಾಲು ಒಂದು ತಪ್ಪು. ಅದು ಅವರ ಪದ್ಧತಿ. ಮಣ್ಣು ಮಾಡಿ ಬಂದ ಮೇಲೆ ಉಳಿದವರೆಲ್ಲ ಒಟ್ಟಿಗೆ ಕೂತು, ಹೋದವಳ ಒಂದು ತಪ್ಪನ್ನು ಒಪ್ಪಿ ಬರೆಯುತ್ತಾರೆ. ಸಾಯುವ ಮುಂಚೆ ಆಕೆಯೇ ಹೇಳಿದ್ದರೆ ಅದನ್ನೇ ಬರೆಯುತ್ತಾರೆ. ಓದಿದ ದಿನ ಆ ತಪ್ಪಿಗೆ ಕ್ಷಮೆಯನ್ನೂ ಕೇಳುತ್ತಾರೆ. ಹರಿಗೋಲಿನ ಸಿಸ್ಟರ್ ತಮ್ಮ ತಪ್ಪು ತಿದ್ದಿದವರ ಜೊತೆ ಎರಡೆರಡು ದಿನ ಮಾತು ಬಿಡುತ್ತಿದ್ದರು. ಬಟ್ಟೆ ಒಗೆದವರು ಯಾರಿಗೂ ಕಾಣದಂತೆ ಬೆಲ್ಲ ತಿನ್ನುತ್ತಿದ್ದರು. ಓದುವಾಗ ನನಗೆ ಅವು ಬರೀ ತಮಾಷೆಯಾಗಿ ಕಂಡಿದ್ದವು.

"ಸತ್ತೋರ ತಪ್ಪು ಯಾಕ್ರಿ ಬರಿಯಾದು?" ಎಂದೆ.

"ಇಲ್ಲಾಂದ್ರ ಕಲ್ಲಿನ ಗೊಂಬಿ ಆಗಿಬಿಡ್ತಾರ. ಗೊಂಬಿಗೆ ಯಾರು ಪ್ರಾರ್ಥನಿ ಮಾಡ್ತಾರ?" ಎಂದರು ಸುಗುಣಮ್ಮ. "ಈಗ ಹೇಳ್ರಿ, ಯಾರಾಕಿ?"

ಹೇಳಿದೆ. ಜೀವನದಲ್ಲಿ ಮೊದಲ ಸಲ ಬಣ್ಣ ಹಚ್ಚದೆ ಹೇಳಿದೆ. ಹನ್ನಾ ಮುಖ ಬಿಗಿದುಕೊಂಡು, "ಕತ್ತರಿಸಿ ತಗೀರಿ. ಇದು ನಮ್ಮ ಅಕ್ಕಂದಿರ ಪುಸ್ತಕ, ಧರ್ಮಛತ್ರ ಅಲ್ಲ" ಎಂದರು. ನ್ಯಾಯವಾದ ಮಾತು. ನನ್ನ ಚಾಕು ನನ್ನ ಚೀಲದಲ್ಲೇ ಇತ್ತು. ಆದರೆ ಕೈ ಚೀಲಕ್ಕೆ ಹೋಗಲಿಲ್ಲ. ಕತ್ತರಿಸಿದರೆ ಅಕ್ಕ ಎರಡನೆಯ ಸಲ ಹೋಗುತ್ತಾಳೆ ಅನ್ನಿಸಿತು.

ಸುಗುಣಮ್ಮ ಹನ್ನಾ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಹನ್ನಾ, ನಾಕು ಮಂದಿ ನಿಂತು ಕೇಳಿಕೊಂಡೀವಿ. ಪ್ರಾರ್ಥನಿ ಹೋಗೇಬಿಡ್ತು, ಹೊಳ್ಳಿ ಬಾ ಅಂತ ಕರಿಯಾಕ ಬರಂಗಿಲ್ಲ. ಯಾರಿಗೆ ಮುಟ್ಟೈತಿ ಅನ್ನೋದು ಖರೇ ಬರೀಬೇಕು, ಅಷ್ಟ." ನನ್ನ ಕಡೆ ತಿರುಗಿದರು. "ಎಸ್ತೇರಮ್ಮನ ಹಾಳಿ ಕತ್ತರಿಸ್ರಿ. ನಿಮ್ಮ ಅಕ್ಕನ ಹೆಸರಿಲೇ ಹೊಸಾದು ಬರೀರಿ. ಆದ್ರ ಆಕಿ ತಪ್ಪು ತರಬೇಕು. ನೀವು ಹುಟ್ಟಿಸಿದ ತಪ್ಪು ಬ್ಯಾಡ. ಮುಂದಿನ ಜೂನ್‌ನ್ಯಾಗ ಓದೋದರೊಳಗ ತರಲಿಲ್ಲಾಂದ್ರ, ಆ ಜಾಗ ಖಾಲಿ."

ಒಬ್ಬರ ತಪ್ಪು ಹುಡುಕುವುದು ನನಗೇನು ಕಷ್ಟ ಎಂದುಕೊಂಡೆ. ಇಡೀ ಪೇಟೆಯ ತಪ್ಪುಗಳು ನನ್ನ ನಾಲಿಗೆಯ ತುದಿಯಲ್ಲಿವೆ. ಆದರೆ ಅಕ್ಕನ ತಪ್ಪು? ತಿಂಗಳುಗಟ್ಟಲೆ ಯೋಚಿಸಿದೆ, ಒಂದೂ ಸಿಗಲಿಲ್ಲ. ಅವಳು ಅಷ್ಟು ಒಳ್ಳೆಯವಳು ಎಂದಲ್ಲ. ನಾನು ಅವಳನ್ನು ನೋಡಿಯೇ ಇರಲಿಲ್ಲ. ನೆರಳಿನಲ್ಲಿ ನಡೆಯುವವನು ನೆರಳು ಕೊಡುವವರ ಮುಖ ನೋಡುತ್ತಾನೆಯೇ?

ಕೊನೆಗೆ ಸಿರುಗುಪ್ಪದ ಬಸ್ ಹತ್ತಿದೆ. ಭಾವ ವಿರೂಪಾಕ್ಷಪ್ಪ ಅಕ್ಕಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಪಡಸಾಲೆಯಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಗಿರಣಿ ಬಿಟ್ಟರೂ ಆ ಚಟ ಬಿಟ್ಟಿರಲಿಲ್ಲ.

"ಏನ್ಲೇ, ಯಾರ ಮನಿ ಹಾಳ ಮಾಡಾಕ ಬಂದಿ?"

"ಭಾವಾ, ಅಕ್ಕನ ತಪ್ಪೇನಿತ್ತು ಹೇಳ್ರಿ."

ಅವರ ಕೈ ಮೊರದ ಮೇಲೆ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನಮ್ಮ ಲಗ್ನದಾಗ ನನ್ನ ಹೊಸಾ ಚಪ್ಪಲಿ ಬಾವ್ಯಾಗ ಹಾಕಿದಾಂವ ಯಾವಾಂವಲೇ?"

ನಾನು ಕೆಮ್ಮಿದೆ.

"ನಾಯಿ ಕಚ್ಕೊಂಡು ಹೋತು ಅಂದ್ಲು ನಿಮ್ಮಕ್ಕ. ಬೀಗರ ಮುಂದ, ಬಸವಣ್ಣನ ಮ್ಯಾಲ ಆಣಿ ಮಾಡಿ. ಮುಂದ ನೀನು ಮಾಡಿದ್ದಕ್ಕೆಲ್ಲ ಸಾಕ್ಷಿ ಆಕೀನ. ಗಡಿಯಾರ ನೀನು ಬಿಚ್ಚಿದ್ರ ಇಲಿ, ಬೆಲ್ಲದ ಡಬ್ಬಿ ಖಾಲಿ ಆದ್ರ ಇರಿವಿ. ಕಡೀಕ ದವಾಖಾನ್ಯಾಗ ಕುಂತು ಕೇಳಿದ್ನೆಲೇ, 'ನೀಲಿ, ಈಗರ ಹೇಳ, ಚಪ್ಪಲಿ ಯಾರು ಒಯ್ದಿದ್ರು?' ಕಣ್ಣು ತಗದಳು."

"ಏನಂದ್ಲು?"

"ನಾಯಿ ಅಂದ್ಲು." ಭಾವ ಮತ್ತೆ ಕಲ್ಲು ಆರಿಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಕರೀ ನಾಯಿ ಅಂತ. ಬಣ್ಣಾನೂ ಹೇಳಿದ್ಲು" ಎಂದರು.

ನಾವಿಬ್ಬರೂ ಆ ಮೊರದ ಅಕ್ಕಿಯನ್ನು ಪೂರ್ತಿ ಆರಿಸಿ ಮುಗಿಸಿದೆವು. ಅದರಲ್ಲಿ ಒಂದು ಕಲ್ಲೂ ಇರಲಿಲ್ಲ.

ಹೊಸ ಹಾಳೆಯಲ್ಲಿ ಬರೆದೆ, ನನ್ನದೇ ಅಕ್ಷರದಲ್ಲಿ: ನೀಲಮ್ಮ, ಕುರುಗೋಡಿನಲ್ಲಿ ಹುಟ್ಟಿ ಸಿರುಗುಪ್ಪದಲ್ಲಿ ಬಾಳಿದವರು. ಈ ಮನೆಯ ಸಿಸ್ಟರ್ ಅಲ್ಲ. ತಮ್ಮನ ಚೇಷ್ಟೆಯಿಂದ ಇಲ್ಲಿಗೆ ಬಂದವರು. ಆಮೇಲೆ ಹೋಳಿಗೆ, ಬೇವು, ನೆರಳು. ಕೊನೆಯ ಸಾಲು: ತಮ್ಮನಿಗಾಗಿ ಸುಳ್ಳು ಹೇಳಿದರು, ಒಂದು ನಾಯಿಯ ಮೇಲೆ ಹೊರಿಸಿದ ಅಪವಾದವನ್ನು ಸಾಯುವವರೆಗೂ ಹಿಂದೆಗೆದುಕೊಳ್ಳಲಿಲ್ಲ.

ಮುಂದಿನ ಜೂನ್ ಒಂದಕ್ಕೂ ಓದುವ ಸರದಿ ಹನ್ನಾ ಅವರದೇ. ನಾಯಿಯ ಹತ್ತಿರ ಬಂದು ಅವರ ಓದು ನಿಂತಿತು. ನಾನು ಓರೆಗಣ್ಣಿನಿಂದ ನೋಡಿದೆ. ಬೂದು ಸೀರೆಯ ಭುಜ ಕುಲುಕುತ್ತಿತ್ತು. ಊಟದ ಮೌನವನ್ನು ಎಂದೂ ಮುರಿಯದ ಆ ಸಿಸ್ಟರ್, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಊರು ನಗಿಸಿದವನು ನಾನು. ಅವತ್ತು ಒದ್ದೆ ಕಣ್ಣನ್ನು ಮಜ್ಜಿಗೆಯ ಲೋಟದೊಳಗೆ ಬಚ್ಚಿಟ್ಟೆ. ಮತ್ತೆ ಉಳಿದವರು ಎದ್ದರು. ಈ ಸಲ ನಾನೂ ಎದ್ದೆ.

ಆಮೇಲೆ ಪ್ರತಿ ವರ್ಷ ಹೋದೆ. ಬೇರೆ ದಿನಗಳಲ್ಲೂ, ಬೈಂಡಿಂಗ್ ನೋಡುವ ನೆಪದಲ್ಲಿ. ಹೋಗಿ ಕೂತು, ತೀರಿಹೋದ ಆ ಹೆಂಗಸರ ಬಾಳನ್ನು ಕೇಳುತ್ತಿದ್ದೆ. ಒಂದು ಸಲ ಸುಗುಣಮ್ಮನನ್ನು ಕೇಳಿದೆ: "ಲಿಂಗ ಕಟ್ಟಿದಾಕಿಗೆ ನಿಮ್ಮ ಪ್ರಾರ್ಥನಿ ಮುಟ್ಟತೈತೇನ್ರಿ ಅಮ್ಮಾರ?" ಅವರು, "ಮುಟ್ಟಿಸೋದು ನಮ್ಮ ಕೆಲಸ ಅಲ್ರಿ ಅಣ್ಣಾ. ನಮ್ಮದು ಹೆಸರು ಹೇಳೋದಷ್ಟ" ಎಂದರು. ವೇದಾಂತ ಹೇಳುವವರನ್ನು ಬಹಳ ನೋಡಿದ್ದೇನೆ, ಎಲ್ಲರನ್ನೂ ಅಣಕಿಸಿದ್ದೇನೆ. ಈ ಮಾತನ್ನು ಅಣಕಿಸಲು ನನಗೆ ಇವತ್ತಿನವರೆಗೆ ಬಾಯಿ ಬಂದಿಲ್ಲ.

ಸುಗುಣಮ್ಮ ಹೋದ ತಿಂಗಳು ತೀರಿಕೊಂಡರು.

ಮಣ್ಣಿಗೆ ಹೋಗಿ ಬಂದೆ. ದುಃಖದ ಜೊತೆಗೆ ಒಂದು ಸಣ್ಣ ಭಯವೂ ಇತ್ತು, ಮುಚ್ಚಿಡುವುದಿಲ್ಲ. ಈಗ ಹಿರಿಯರು ಹನ್ನಾ. ಅಂದು ನಕ್ಕಿದ್ದರು, ನಿಜ. ಆದರೆ ನಗು ಬೇರೆ, ನಿಯಮ ಬೇರೆ. ಮೂರು ದಿನದ ಹಿಂದೆ ಅವರೇ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದು ಈ ಮೇಜಿನ ಮೇಲೆ ಇಟ್ಟಾಗ, "ಹೊಲಿಗಿ ಬಿಚ್ಚಬೇಕ್ರಿ" ಎಂದಾಗ, ನಾನು ಕೈ ಹಾಕಿ ಜೂನ್ ಒಂದರ ಹಾಳೆ ತೆರೆದೆ.

"ನಮ್ಮ ಅಕ್ಕನ ಹಾಳಿ ತಗಿಯಾದಾ ಅಮ್ಮಾರ?"

"ಹಾಳಿ ಸೇರಿಸಾಕ ಬಂದೀನ್ರಿ. ಸುಗುಣಮ್ಮನವರದು. ನೀವ ಬರೀಬೇಕು. ನಿಮ್ಮ ಕಳ್ಳ ಅಕ್ಷರ ಚಂದ ಅಂತ ಅವರ ಹೇಳಿ ಹೋಗ್ಯಾರ." ಒಂದು ಚೀಟಿ ಕೊಟ್ಟರು. "ಕಡೀ ಸಾಲೂ ಅವರದ, ಅವರ ಬಾಯಿಲೇ ಹೇಳಿ ಬರಸಿದ್ದು."

ಚೀಟಿಯಲ್ಲಿ ಹೀಗಿತ್ತು: ಮನೆಯ ನಿಯಮ ಮುರಿದು, ಸಿಸ್ಟರ್ ಅಲ್ಲದ ಒಬ್ಬ ಹೆಂಗಸಿನ ಹಾಳೆಯನ್ನು ಈ ಪುಸ್ತಕದಲ್ಲಿ ಸೇರಿಸಿದರು. ಪಶ್ಚಾತ್ತಾಪಪಡಲಿಲ್ಲ.

ನಾನು ಎರಡು ಸಲ ಓದಿದೆ. ಹನ್ನಾ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನು ತಗಿಬೇಕಂತಿದ್ನಿರಿ" ಎಂದರು. "ಖರೇನ ತಗಿತಿದ್ದೆ. ಈಗ ಹೆಂಗ ತಗೀಲಿ? ಅವರ ತಪ್ಪು ಅಂತ ಬರದ ಮ್ಯಾಲ ಆ ಹಾಳಿ ಇರಾಕಬೇಕಲ್ರಿ. ನಾಳಿ ಓದಿದೋರು ಎಲ್ಲೈತಿ ಅಂದ್ರ ತೋರಿಸಬೇಕಲ್ಲ." ಬಾಗಿಲವರೆಗೆ ಹೋಗಿ ತಿರುಗಿದರು. "ಭಾಳ ಚಾಣಾಕ್ಷರಿದ್ರು ಅಣ್ಣಾ. ನಿಮಗಿಂತ."

ನನಗಿಂತ. ಒಪ್ಪಿಕೊಂಡೆ. ನನ್ನ ಎಪ್ಪತ್ತೆಂಟು ವರ್ಷದ ಚೇಷ್ಟೆಯನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ ಹಾಕಿ, ಸಾಯುವ ಹೊತ್ತಿನಲ್ಲಿ ಆ ತಾಯಿ ಮಾಡಿದ ಈ ಒಂದನ್ನು ಇನ್ನೊಂದರಲ್ಲಿ ಹಾಕಿದರೆ, ನನ್ನದು ಮೇಲೇಳುತ್ತದೆ.

ಗಂಜಿ ಆರಿದೆ. ಸುಗುಣಮ್ಮನವರ ಹಾಳೆಯಲ್ಲಿ ಕೊನೆಯ ಸಾಲೊಂದೇ ಉಳಿದಿದೆ. ಬೆಳಿಗ್ಗೆಯಿಂದ ಮೂರು ಸಲ ಪೆನ್ನು ತೆಗೆದು ಇಟ್ಟಿದ್ದೇನೆ. ಇದನ್ನು ಬರೆದರೆ, ಒಂದೇ ಪುಸ್ತಕದಲ್ಲಿ ಇಬ್ಬರು ಹೆಂಗಸರು ಇರುತ್ತಾರೆ. ಒಬ್ಬಳು ನನ್ನನ್ನು ಸಾಕಿದವಳು, ಇನ್ನೊಬ್ಬರು ನನ್ನನ್ನು ಸಹಿಸಿದವರು. ಇಬ್ಬರಿಗೂ ಒಂದೊಂದೇ ತಪ್ಪು, ಆ ತಪ್ಪು ಎರಡು ಕಡೆಯೂ ನಾನೇ. ಪ್ರತಿ ವರ್ಷ ಯಾರೋ ನಿಂತು ಅದನ್ನು ಓದುತ್ತಾರೆ, ಉಳಿದವರು ಎದ್ದು ಕ್ಷಮಿಸು ಎನ್ನುತ್ತಾರೆ.

ಒಳಗಿನಿಂದ ಸೊಸೆ ಕೇಳಿದಳು, "ಏನ್ ಬರಿಯಾಕತ್ತೀರಿ ಮಾವಾ, ಇಷ್ಟೊತ್ತು?"

"ನನ್ನ ತಪ್ಪು" ಎಂದೆ.

ಅವಳು ನಂಬಲಿಲ್ಲ, ನಕ್ಕಳು. ನಾನು ಬರೆದೆ.